ರಾಣಿಯ ಮಾತನ್ನು ಏಕೆ ಬಿಟ್ಟಿರಿ?

ಆತ್ಮೀಯರೇ,

ಬದಿಯಡ್ಕದಿಂದ ನೀವು ಕಳುಹಿಸಿದ, ಪುರಾಣಗಳ ಅದ್ಭುತ ಜನನಗಳ ಕುರಿತ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಅಚ್ಚು ಹಾಕಲಾರೆ. ನಿಮ್ಮ ಕನ್ನಡ ಹದವಾಗಿದೆ, ಓದಿನ ಹಸಿವೂ ಕಾಣುತ್ತದೆ. ಅದಕ್ಕಾಗಿಯೇ ಒಂದು ಸಾಲಿನ ವಿಷಾದಪತ್ರದಲ್ಲಿ ಮುಗಿಸಲು ಮನಸ್ಸಾಗಲಿಲ್ಲ.

ನಾಲ್ಕು ಪುಟಗಳಲ್ಲಿ ಹದಿನಾಲ್ಕು ಜನನಗಳು. ದ್ರೋಣ ಕಲಶದಲ್ಲಿ, ಕೃಪ ಜೊಂಡಿನಲ್ಲಿ, ಸೀತೆ ನೇಗಿಲ ಸಾಲಿನಲ್ಲಿ. ಯಾವ ಮಗುವಿನ ಮುಖವೂ ಕಣ್ಣಿಗೆ ಕಟ್ಟುವುದಿಲ್ಲ. ಷಣ್ಮುಖ ಶರವಣದಲ್ಲಿ ಹುಟ್ಟಿದ ಎಂದಿದ್ದೀರಿ. ಆರು ಮಂದಿ ಕೃತ್ತಿಕೆಯರ ಹಾಲು ಕುಡಿಯಲು ಅವನು ಆರು ಮುಖ ತಾಳಿದ್ದನ್ನೇ ಬಿಟ್ಟಿದ್ದೀರಿ.

ದಶರಥ ಪಾಯಸವನ್ನು ಮೂವರು ರಾಣಿಯರಿಗೂ ಸಮನಾಗಿ ಹಂಚಿದ ಎಂಬುದು ತಪ್ಪು. ವಾಲ್ಮೀಕಿಯಲ್ಲಿ ಕೌಸಲ್ಯೆಗೆ ಅರ್ಧ, ಮಿಕ್ಕಿದ್ದರಲ್ಲಿ ಅರ್ಧ ಸುಮಿತ್ರೆಗೆ, ಮತ್ತೆ ಮಿಕ್ಕಿದ್ದರಲ್ಲಿ ಅರ್ಧ ಕೈಕೇಯಿಗೆ. ಕೊನೆಯ ಪಾಲನ್ನು ಅವನು ಯೋಚಿಸಿ ಪುನಃ ಸುಮಿತ್ರೆಗೇ ಕೊಡುತ್ತಾನೆ. ಆ ‘ಯೋಚಿಸಿ’ ಎಂಬಲ್ಲಿ ನೀವು ಒಂದು ಗಳಿಗೆ ನಿಲ್ಲಬೇಕಿತ್ತು. ರಾಮಾಯಣವನ್ನು ಯಕ್ಷಗಾನ ಪ್ರಸಂಗಗಳಾಗಿ ಕಟ್ಟಿದ ಪಾರ್ತಿಸುಬ್ಬ ನಮ್ಮ ಕುಂಬಳೆಯವನು. ತಾಳಮದ್ದಳೆ ಕೇಳುತ್ತ ಬೆಳಗು ಮಾಡಿದ ಹಿರಿಯರು ನಮ್ಮ ಓದುಗರು. ಇಂಥ ತಪ್ಪು ಅವರ ಕಿವಿಗೆ ಕೂಡಲೇ ತಾಗುತ್ತದೆ.

ಗಾಂಧಾರಿಯ ಮಡಕೆಗಳೇ ಪ್ರನಾಳ ಶಿಶುವಿನ ತಂತ್ರಜ್ಞಾನ ಎಂದು ವಾದಿಸುವ ಒಂದೂವರೆ ಪುಟವನ್ನು ಪೂರ್ತಿ ತೆಗೆಯಿರಿ. ಮೊದಲ ಪ್ರನಾಳ ಶಿಶು ಹುಟ್ಟಿದ್ದು 1978ರಲ್ಲಿ, ಇಂಗ್ಲೆಂಡಿನಲ್ಲಿ. ವ್ಯಾಸರ ಕಥೆಗೆ ಅದರ ಆಸರೆ ಬೇಡ. ಎರಡು ವರ್ಷ ಬಸಿರು ಹೊತ್ತ ಹೆಂಗಸು, ಕುಂತಿಗೆ ಮಗ ಹುಟ್ಟಿದ ಸುದ್ದಿ ಕೇಳಿ ತನ್ನ ಹೊಟ್ಟೆಗೆ ತಾನೇ ಹೊಡೆದುಕೊಳ್ಳುತ್ತಾಳೆ. ಹೊರಬಿದ್ದ ಮಾಂಸಪಿಂಡದ ಚೂರುಗಳನ್ನೇ ಮಡಕೆಗಳಲ್ಲಿ ಇರಿಸುವುದು. ಆಮೇಲೆ, ನೂರು ಗಂಡುಮಕ್ಕಳ ಜೊತೆ ಒಬ್ಬಳು ಮಗಳೂ ಇದ್ದರೆ ಎಂದು ಆಸೆಪಡುತ್ತಾಳೆ. ಆ ಆಸೆಗೆಂದೇ ನೂರೊಂದನೆಯ ಮಡಕೆ, ಅದರಲ್ಲಿ ದುಶ್ಶಲೆ. ನಿಮ್ಮ ಲೇಖನದಲ್ಲಿ ಮಡಕೆ ನೂರೇ ಇವೆ, ಆಸೆ ಇಲ್ಲವೇ ಇಲ್ಲ.

ಮಧೂರಿನ ಗರ್ಭಗುಡಿಯ ಗೋಡೆಯಲ್ಲಿ ಹುಡುಗನೊಬ್ಬ ಬರೆದ ಗಣಪತಿ ತಾನಾಗಿ ಬೆಳೆದ ಐತಿಹ್ಯವನ್ನು ನೀವು ಕೇಳಿಯೇ ಇರುತ್ತೀರಿ. ಅದನ್ನು ಇನ್ನೊಂದು ಲೇಖನಕ್ಕೆ ಇಟ್ಟುಕೊಳ್ಳಿ.

ಈಗ ಮಕ್ಕಳಿಗಾಗಿ ದ್ರುಪದ ಮಾಡಿಸಿದ ಯಜ್ಞಕ್ಕೆ ಬನ್ನಿ. ಧೃಷ್ಟದ್ಯುಮ್ನ, ದ್ರೌಪದಿ ಇಬ್ಬರೂ ‘ಅಗ್ನಿಯಿಂದ ಎದ್ದರು’ ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ಆದಿಪರ್ವದಲ್ಲಿ ಅಗ್ನಿಯಿಂದ ಎದ್ದವನು ಮಗ. ಮಗಳು ಎದ್ದದ್ದು ವೇದಿಯ ನಡುವಿನಿಂದ. ಅದಕ್ಕೂ ಮೊದಲು, ಹವಿಸ್ಸು ಸ್ವೀಕರಿಸಲು ಬಾ ಎಂದು ಯಜ್ಞ ನಡೆಸುತ್ತಿದ್ದ ಯಾಜ ದ್ರುಪದನ ರಾಣಿಯನ್ನು ಕರೆಯುತ್ತಾನೆ. ಬಾಯಲ್ಲಿ ಸುಗಂಧವಿದೆ, ಮೈಗೆ ಪರಿಮಳ ಹಚ್ಚಿದ್ದೇನೆ, ಹವಿಸ್ಸಿಗೆ ಇನ್ನೂ ಸಿದ್ಧಳಿಲ್ಲ, ನನಗಾಗಿ ಸ್ವಲ್ಪ ತಾಳಿ ಎನ್ನುತ್ತಾಳೆ ಅವಳು. ನೀನು ಬಂದರೂ ನಿಂತರೂ ಕೆಲಸ ನಿಲ್ಲದು ಎಂದು ಯಾಜ ಹವಿಸ್ಸನ್ನು ಬೆಂಕಿಗೆ ಹಾಕಿಬಿಡುತ್ತಾನೆ. ಬಸಿರು, ಹೆರಿಗೆ ಎರಡೂ ಅವಳ ಕೈತಪ್ಪಿದವು. ಬೆಳೆದುನಿಂತ ಇಬ್ಬರು ಮಕ್ಕಳನ್ನು ನೋಡಿ ಅವಳು ಯಾಜನನ್ನು ಬೇಡುವುದು ಒಂದನ್ನೇ: ನನ್ನನ್ನಲ್ಲದೆ ಬೇರೊಬ್ಬ ತಾಯಿಯನ್ನು ಇವರು ಅರಿಯದಿರಲಿ.

ಇದನ್ನು ಓದಿದಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ. ಹದಿಮೂರು ಜನನಗಳನ್ನು ಬದಿಗಿಟ್ಟು, ಈ ರಾಣಿಯೊಬ್ಬಳನ್ನೇ ಎರಡು ಪುಟ ಬರೆಯಿರಿ. ದೀಪಾವಳಿ ಸಂಚಿಕೆಯಲ್ಲಿ ಆ ಎರಡು ಪುಟಗಳ ಜಾಗವನ್ನು ನಿಮಗಾಗಿ ಕಾದಿರಿಸಿದ್ದೇನೆ.

ನಿಮ್ಮ,
ಸಂಪಾದಕ