88ನೇ ಕೀರ್ತನೆಗೆ ಸಾಲು ಸೇರಿಸಬೇಡಿ

ಪ್ರಿಯ ಸಹೋದರಿ, ವಂದನೆಗಳು.

ನಮ್ಮ ಪತ್ರಿಕೆಗೆ ನೀವು ಕಳಿಸಿದ ‘ನಮ್ಮ ಕಣ್ಣೀರನ್ನು ಬಲ್ಲ ದೇವರು’ ಲೇಖನ ತಲುಪಿತು. ಭಾಷೆ ಚೆನ್ನಾಗಿದೆ, ಶ್ರದ್ಧೆಯೂ ಇದೆ. ಆದರೆ ಎರಡು ಕಡೆ ನನ್ನ ಓದು ನಿಂತೇಹೋಯಿತು.

‘ಕರ್ತನು ನಮ್ಮ ಕಣ್ಣೀರನ್ನು ಹೊಳೆಯುವ ಗಾಜಿನ ಸೀಸೆಯಲ್ಲಿ ಶೇಖರಿಸುತ್ತಾನೆ’ ಎಂದು ಬೈಬಲಿನ 56ನೇ ಕೀರ್ತನೆಯ ಬಗ್ಗೆ ಬರೆದಿದ್ದೀರಿ. ಗಾಜು ಎಲ್ಲಿಂದ ಬಂತು? ಮೂಲ ಹೀಬ್ರೂವಿನಲ್ಲಿರುವುದು ‘ನೋದ್’, ತೊಗಲಿನ ಬುದ್ದಲಿ. ನ್ಯಾಯಸ್ಥಾಪಕರ ಪುಸ್ತಕದ ಯಾಯೇಲಳು ತನ್ನ ಗುಡಾರಕ್ಕೆ ಓಡಿಬಂದ ಸೇನಾಪತಿ ಸೀಸೆರನಿಗೆ ಹಾಲು ಕೊಟ್ಟದ್ದು ಇಂಥದರಿಂದ. 119ನೇ ಕೀರ್ತನೆಯವನು ಹೊಗೆ ಹಿಡಿದ ಬುದ್ದಲಿಯಂತಾದೆ ಎಂದು ಅಳುವುದೂ ಇದನ್ನೇ ನೆನೆದು. ನೀರಿಗೆ ಬರವಿರುವ ಆ ನಾಡಿನಲ್ಲಿ ದಾರಿ ನಡೆಯುವವನ ಜೀವವೇ ಆ ಚೀಲದಲ್ಲಿ. ಹನಿ ಸೋರದಂತೆ ಬಾಯಿ ಬಿಗಿದು ಹೊರಬೇಕು. ಅದರಲ್ಲಿ ಕಣ್ಣೀರು! ಅದೇ ವಚನದಲ್ಲಿ ಅಲೆದಾಟಕ್ಕೆ ಬಳಸಿದ ಪದವೂ ಕಿವಿಗೆ ‘ನೋದ್’ ಎಂದೇ ಬೀಳುತ್ತದೆ. ಗತ್‌ನಲ್ಲಿ ಶತ್ರುಗಳಾದ ಫಿಲಿಷ್ಟಿಯರ ಕೈಗೆ ಸಿಕ್ಕ ದಾವೀದನ ಹಾಡಿದು ಎನ್ನುತ್ತದೆ ತಲೆಬರಹ. ಅಲೆಯುವವನ ಹೆಜ್ಜೆ ಎಣಿಸಿದ ದೇವರು ಅವನ ಕಣ್ಣೀರನ್ನು ಅಲೆಯುವವರ ಚೀಲದಲ್ಲೇ ತುಂಬಿಟ್ಟುಕೊಂಡ. ನಿಮ್ಮ ಸೀಸೆ ಅದನ್ನು ಷೋಕೇಸಿಗೆ ಏರಿಸಿತು.

ಇನ್ನು 88ನೇ ಕೀರ್ತನೆ, ಹೇಮಾನನ ಹೆಸರಿನಲ್ಲಿರುವ ಹಾಡು. ನೀವು ಬರೆದದ್ದು: ‘ಹೇಮಾನನು ಕತ್ತಲಲ್ಲಿ ಮೊರೆಯಿಟ್ಟನು, ಕೂಡಲೇ ಕರ್ತನು ಸದುತ್ತರ ಕೊಟ್ಟನು.’ ಆ ‘ಕೂಡಲೇ’ ಕಂಡು ನನಗೆ ಸಿಟ್ಟೇ ಬಂತು. ಎಲ್ಲಿದೆ ಸದುತ್ತರ? 18 ವಚನಗಳನ್ನೂ ಇನ್ನೊಮ್ಮೆ ಓದಿ. ಹಗಲಿರುಳು ಕೂಗುತ್ತಾನೆ, ದಿನವೂ ಕೈಚಾಚುತ್ತಾನೆ, ಬೆಳಗಾದರೆ ಮತ್ತೆ ಪ್ರಾರ್ಥನೆ. ಹೀಬ್ರೂವಿನಲ್ಲಿ ಕಟ್ಟಕಡೆಯ ಪದವೇ ಕತ್ತಲು. ಆದರೆ ಶುರುವಿನಲ್ಲೇ ‘ನನ್ನನ್ನು ರಕ್ಷಿಸುವ ದೇವರೇ’ ಎಂದು ಕರೆದಿದ್ದಾನೆ. ಆಡಿದ್ದೆಲ್ಲ ಆತನ ಹತ್ತಿರವೇ. ಇಸ್ರಾಯೇಲರು ಈ ಹಾಡನ್ನು 150 ಕೀರ್ತನೆಗಳೊಳಗೆ ಉಳಿಸಿಕೊಂಡರು, ಕೊನೆಗೊಂದು ಸಮಾಧಾನದ ಸಾಲು ಹೊಸೆದು ಜೋಡಿಸಲಿಲ್ಲ. ನಾವ್ಯಾಕೆ ಜೋಡಿಸಬೇಕು?

ನಾನೂ ಜೋಡಿಸಿದವನೇ. ಇಪ್ಪತ್ತೆರಡರ ವಯಸ್ಸಿನಲ್ಲಿ ಸಭೆಯ ಪತ್ರಿಕೆಗೆ ಪ್ರೂಫ್ ನೋಡುತ್ತಿದ್ದೆ. ನಮ್ಮ ಬೀದಿಯಲ್ಲಿ ಒಂದು ಮಗು ತೀರಿಕೊಂಡಿತು. ಅದರ ಬಗ್ಗೆ ಒಂದು ಪುಟ ಬರೆದು, ‘ದೇವರ ಚಿತ್ತ ಯಾವಾಗಲೂ ಒಳ್ಳೆಯದೇ’ ಎಂದು ಮುಗಿಸಿದೆ. ಸಂಪಾದಕರು ಸ್ವಲ್ಪವೂ ಗದರಲಿಲ್ಲ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ‘ಈ ಕಡೇ ಸಾಲನ್ನ ಆ ತಾಯಿ ಮುಂದೆ ಕೂತು ಓದ್ತೀಯೇನಪ್ಪಾ?’ ಎಂದು ಕೇಳಿದರು. ಸಂಜೆ ಆ ಮನೆಗೆ ಹೋದೆ. ಆಕೆ ಬಾಗಿಲ ಬಳಿ ಪುಟ್ಟ ಚಪ್ಪಲಿಗಳನ್ನು ಒರೆಸುತ್ತಿದ್ದರು. ಕಾಗದ ಜೇಬಿನಿಂದ ಆಚೆ ಬರಲಿಲ್ಲ.

ನಿಮ್ಮ ಮೂರನೇ ಪುಟದಲ್ಲಿ ಒಂದೇ ಒಂದು ಸಾಲಿದೆ: ಆಸ್ಪತ್ರೆಯ ವರಾಂಡದಲ್ಲಿ ನಿಮ್ಮ ಅಮ್ಮ ರಾತ್ರಿಯಿಡೀ ಸತ್ಯವೇದವನ್ನು ತೆರೆಯದೆ ಮಡಿಲಲ್ಲೇ ಇಟ್ಟುಕೊಂಡು ಕೂತಿದ್ದರು ಅಂತ. ಅದನ್ನು ಬರೆದು ಕಳಿಸಿ. ಅವರು ಆ ರಾತ್ರಿ ಏನಂದರು, ಏನನ್ನಲಿಲ್ಲ, ಅಷ್ಟು ಸಾಕು. ಮುಂದಿನ ಸಂಚಿಕೆಯಲ್ಲಿ ಎರಡು ಪುಟ ಬಿಟ್ಟಿರುತ್ತೇನೆ.