ಹಳೇ ಪೆಟ್ರೋಲ್ ಬಂಕ್ ನೋಡೋಕೆ 120 ಕಿಲೋಮೀಟರಾ?

ಪ್ರಶ್ನೆ: ಮಗ ಶಿಕಾಗೋದಲ್ಲಿದಾನೆ. ಹೋದ ಬೇಸಿಗೇಲಿ ರೂಟ್ 66 ಅನ್ನೋ ಹಳೇ ಹೆದ್ದಾರಿ ತೋರಿಸ್ತೀನಿ ಬಾಮ್ಮ ಅಂತ ಕಾರಲ್ಲಿ 120 ಕಿಲೋಮೀಟರ್ ಕರ್ಕೊಂಡ್ಹೋಗಿ ಡ್ವೈಟ್ ಅನ್ನೋ ಊರಲ್ಲಿ ಒಂದು ಹಳೇ ಪೆಟ್ರೋಲ್ ಬಂಕ್ ಮುಂದೆ ನಿಲ್ಲಿಸ್ದ. ಪೆಟ್ರೋಲೂ ಇಲ್ಲ, ಯಾರದೋ ಮನೆ ಥರ ಇತ್ತು. ಅದರಲ್ಲಿ ನೋಡೋದೇನಿದೆ?
– ಓದುಗರು, ದಾವಣಗೆರೆ

ಉತ್ತರ: ಅಮ್ಮಾ, ಮನೆ ಥರ ಇತ್ತು ಅಂದ್ರಲ್ಲ, ನೋಡಬೇಕಾದ್ದು ಅದೇ. ಆಗ ಅಲ್ಲಿ ವಾಸದ ಮನೆಗಳ ಮಧ್ಯೆ ಬಂಕ್ ಬಂದ್ರೆ ಬೀದಿ ಕೆಡುತ್ತೆ ಅಂತ ಜನ ತಕರಾರು ತೆಗೀತಿದ್ರು, ಅದಕ್ಕೆ ಕಂಪನಿಯೋರು ಇಳಿಜಾರು ಮಾಡು, ಕಿಟಕಿ ಎಲ್ಲ ಇಟ್ಟು ಪುಟ್ಟ ಮನೆ ಥರಾನೇ ಕಟ್ಟಿ, ಮುಂದೆ ಎರಡು ಕಂಬದ ಮೇಲೆ ಚಾವಣಿ ಇಳಿಸಿ ಅದರ ಕೆಳಗೆ ಪಂಪ್ ಇಡೋರು. ನೀವು ನೋಡಿದ್ದು ಆಂಬ್ಲರ್ಸ್ ಟೆಕ್ಸಾಕೋ. 1933ರಲ್ಲಿ ಕಟ್ಟಿದ್ದು, 1999ರವರೆಗೂ ಪೆಟ್ರೋಲ್ ಹಾಕಿದೆ. ಕಳೆದು ನೋಡಿ, ರೂಟ್ 66ರ ಪಕ್ಕದಲ್ಲಿ ಸರಿಯಾಗಿ 66 ವರ್ಷ! (ಯಾರೂ ಲೆಕ್ಕ ಹಾಕಿ ಮಾಡಿದ್ದಲ್ಲ ಬಿಡಿ.)

ಇಂಥವು ಉಳಿದಿದ್ದು ಯಾರೋ ಜೋಪಾನ ಮಾಡಿದ್ರಿಂದ ಅಲ್ಲ, ಮೊದಮೊದಲು ವ್ಯಾಪಾರ ಕೆಟ್ಟಿದ್ರಿಂದ. 1926ರಲ್ಲಿ ಶುರುವಾದ ಈ ರೋಡು ಶಿಕಾಗೋದಿಂದ ಕ್ಯಾಲಿಫೋರ್ನಿಯಾದ ಸಾಂಟಾ ಮೋನಿಕಾವರೆಗೆ 8 ರಾಜ್ಯ ದಾಟಿ ಸುಮಾರು 3,900 ಕಿಲೋಮೀಟರ್. 1956ರ ನಂತರ ದೊಡ್ಡ ಇಂಟರ್‌ಸ್ಟೇಟ್ ಹೆದ್ದಾರಿಗಳು ಊರುಗಳನ್ನ ಬಿಟ್ಟು ಆಚೆಯಿಂದ ಹೋದ್ವು, 1984ರಲ್ಲಿ ಅರಿಝೋನಾದ ವಿಲಿಯಮ್ಸ್ ಅನ್ನೋ ಊರಿಗೂ ಬೈಪಾಸ್ ಬಂತು, ಮುಂದಿನ ವರ್ಷ ರೂಟ್ 66 ಹೆಸರನ್ನೇ ಸರ್ಕಾರ ಪಟ್ಟಿಯಿಂದ ತೆಗೀತು. ವ್ಯಾಪಾರ ಜೋರಾಗಿದ್ದ ಕಡೆ ಹಳೇ ಬಂಕ್ ಕೆಡವಿ ಹೊಸದು ಕಟ್ಟಿದ್ರು, ಕೆಟ್ಟ ಕಡೆ ಕೆಡವೋಕೂ ಯಾರ ಹತ್ರಾನೂ ದುಡ್ಡಿರಲಿಲ್ಲ.

ಪ್ರಶ್ನೆ: ಇಂಥ ಹಳೇ ಬಂಕ್ ಉಳಿಸೋಕೆಲ್ಲ ದುಡ್ಡು ಯಾರು ಕೊಡ್ತಾರೆ ಸರ್? ಸರ್ಕಾರಾನಾ?
– ಓದುಗರು, ಮೈಸೂರು

ಉತ್ತರ: ಸ್ವಲ್ಪ ಸರ್ಕಾರ. 1999ರಲ್ಲಿ ಒಂದು ಕಾನೂನು ಮಾಡಿ ರಾಷ್ಟ್ರೀಯ ಉದ್ಯಾನ, ಸ್ಮಾರಕ ನೋಡ್ಕೊಳ್ಳೋ ನ್ಯಾಷನಲ್ ಪಾರ್ಕ್ ಸರ್ವಿಸ್ ಕೈಲಿ ರೂಟ್ 66ಕ್ಕೇ ಅಂತ ಅನುದಾನದ ಯೋಜನೆ ಶುರು ಮಾಡಿದ್ರು, ಆದ್ರೆ ಪುಕ್ಕಟೆ ಅಲ್ಲ, ಕೇಳೋರು ತಮ್ಮ ಪಾಲೂ ಹಾಕಬೇಕಿತ್ತು. ರಾಷ್ಟ್ರೀಯ ಪಾರಂಪರಿಕ ಪಟ್ಟಿಗೆ ಸೇರಿಬಿಟ್ರೆ ಕಟ್ಟಡ ಸೇಫ್ ಅಂತ ತುಂಬ ಜನ ಅಂದ್ಕೋತಾರೆ, ಹಾಗೇನಿಲ್ಲ, ಖಾಸಗಿ ಮಾಲೀಕ ತನ್ನ ದುಡ್ಡಲ್ಲಿ ಕೆಡವ್ತೀನಿ ಅಂದ್ರೆ ಆ ಪಟ್ಟಿ ತಡೆಯಲ್ಲ. ಕೊನೆಗೆ ಬೇಕಾಗೋದು ಹಠ ಇರೋ ಒಬ್ಬ ಮನುಷ್ಯ. ಸೆಲಿಗ್‌ಮನ್ ಅನ್ನೋ ಊರಲ್ಲಿ ಕ್ಷೌರದಂಗಡಿ ಇಟ್ಕೊಂಡಿದ್ದ ಏಂಜೆಲ್ ಡೆಲ್ಗಡೀಯೊ 1987ರಲ್ಲಿ ಜನ ಸೇರಿಸಿ ಸಂಘ ಕಟ್ಟಿದ್ರಿಂದಲೇ ಅರಿಝೋನಾದಲ್ಲಿ ಈ ರೋಡಿಗೆ ಮತ್ತೆ ಜೀವ ಬಂತು. ಕ್ಯಾಲಿಫೋರ್ನಿಯಾದ ಮರುಭೂಮೀಲಿರೋ ಆಂಬೊಯ್ ಅನ್ನೋ ಊರನ್ನಂತೂ ಚಿಕನ್ ಹೋಟೆಲ್‌ಗಳ ಮಾಲೀಕ ಆಲ್ಬರ್ಟ್ ಒಕುರಾ 2005ರಲ್ಲಿ 4,25,000 ಡಾಲರ್‌ಗೆ ಇಡೀ ಊರಿಗೆ ಊರೇ ಕೊಂಡ್ಕೊಂಡ್ರು, 2008ರಲ್ಲಿ ಅಲ್ಲಿನ ರಾಯ್ಸ್ ಬಂಕಲ್ಲಿ ಮತ್ತೆ ಪೆಟ್ರೋಲ್ ಸಿಗೋ ಹಾಗೆ ಮಾಡಿದ್ರು.

ಪ್ರಶ್ನೆ: ಪೇಂಟ್ ಹೊಡೆದು ಹಳೇ ಬೋರ್ಡ್ ನೇತು ಹಾಕಿದ್ರೆ ಆಯ್ತಲ್ಲ, ಅದೇನು ಅಷ್ಟು ಕಷ್ಟ?
– ಓದುಗರು, ಬೆಂಗಳೂರು

ಉತ್ತರ: ಕಷ್ಟ ಇರೋದು ಕಣ್ಣಿಗೆ ಕಾಣೋ ಕಡೆ ಅಲ್ಲ, ನೆಲದಡಿ. ಹಳೇ ಬಂಕಿನ ಟ್ಯಾಂಕ್‌ಗಳು ಬರೀ ಕಬ್ಬಿಣದವು, ತುಕ್ಕು ಹಿಡಿದು ಪೆಟ್ರೋಲ್ ಸೋರಿ ಮಣ್ಣು, ಅಂತರ್ಜಲ ಎಲ್ಲ ಹಾಳಾಗ್ತಿತ್ತು. ಅದಕ್ಕೆ 1988ರಲ್ಲಿ ಅಮೆರಿಕದ ಪರಿಸರ ಇಲಾಖೆ ನಿಯಮ ತಂದು, 1998ರ ಡಿಸೆಂಬರ್ ಒಳಗೆ ಟ್ಯಾಂಕ್ ಸರಿ ಮಾಡಿ, ಇಲ್ಲಾಂದ್ರೆ ಬದಲಾಯಿಸಿ, ಅದೂ ಆಗಲ್ವಾ ಮುಚ್ಚಿ ಅಂತು. ಸರಿಯಾದ ಕಾನೂನೇ, ಆದ್ರೆ ಗಂಡ ಹೆಂಡ್ತಿ ನಡೆಸೋ ಬಂಕಿಗೆ ಅಷ್ಟು ಖರ್ಚು ಎಲ್ಲಿಂದ ಬರಬೇಕು, ಎಷ್ಟೋ ಜನ ಬಾಗಿಲು ಹಾಕಿದ್ರು. ಈಗಲೂ ಹಳೇ ಬಂಕ್ ಕೊಂಡ್ಕೊಳ್ಳೋರು ಮೊದಲು ನೆಲ ಅಗೆದು ಮಣ್ಣು ಪರೀಕ್ಷೆ ಮಾಡಿಸಬೇಕು, ಪೇಂಟು ಬೋರ್ಡು ಎಲ್ಲ ಆಮೇಲೆ.

ಇನ್ನೊಂದು ತಲೆನೋವು ಯಾವ ಇಸವಿಗೆ ವಾಪಸ್ ತರೋದು ಅಂತ. ಡ್ವೈಟ್‌ನೋರು ಆಫೀಸು, ಚಾವಣಿ 1930ರ ದಶಕದ ಥರ, ಆಮೇಲೆ ಸೇರಿಸಿದ ರಿಪೇರಿ ಶೆಡ್ ಮಾತ್ರ 1940ರ ದಶಕದ ಥರ ಮಾಡಿದಾರೆ, ನನಗಿದು ಇಷ್ಟ. ಕೆಲವು ಕಡೆ ಆ ಜಾಗದಲ್ಲಿ ಯಾವತ್ತೂ ಇಲ್ಲದ ಕಂಪನಿ ಬೋರ್ಡ್ ಹಾಕಿ, ಗಾಜಿನ ಪಂಪ್ ತಂದು ನಿಲ್ಲಿಸ್ತಾರೆ. ಆ ಪಂಪ್ ಚೆನ್ನಾಗಿರುತ್ತೆ, ಇಲ್ಲ ಅನ್ನಲ್ಲ: ತಲೆ ಮೇಲೆ ಗಾಜಿನ ಸಿಲಿಂಡರ್, ಒಳಗೆ ಗ್ಯಾಲನ್ ಗುರುತು, ಪಕ್ಕದ ಹ್ಯಾಂಡಲ್ ಹಿಂದೆ ಮುಂದೆ ಜಗ್ಗಿದ್ರೆ ಪೆಟ್ರೋಲ್ ಮೇಲೇರಿ ತುಂಬ್ಕೊಳ್ಳುತ್ತೆ, ಎಷ್ಟು ಬೇಕೋ ಅಷ್ಟು ಗಿರಾಕಿ ಕಣ್ಣೆದುರೇ ಪೈಪಲ್ಲಿ ತಾನಾಗೇ ಇಳಿಯುತ್ತೆ, ಅಳತೇಲಿ ಮೋಸ ಅನ್ನೋ ಮಾತೇ ಬರಬಾರದು ಅಂತ. ಆದ್ರೆ ಅಲ್ಲಿ ಇಲ್ಲದ್ದನ್ನ ಇತ್ತು ಅಂತ ತೋರಿಸಿದ್ರೆ ಅದು ಶೂಟಿಂಗ್ ಸೆಟ್ ಅಷ್ಟೇ.

ಪ್ರಶ್ನೆ: ನಾವು ಡಲ್ಲಾಸ್ ಕನ್ನಡಿಗರು. ಎರಡು ದಿನ ರಜೆ ಇದೆ, ಎಲ್ಲಿಗೆ ಹೋಗೋದು?
– ಓದುಗರು, ಟೆಕ್ಸಾಸ್

ಉತ್ತರ: ನಿಮ್ಮ ಟೆಕ್ಸಾಸ್‌ನಲ್ಲೇ ರೂಟ್ 66 ಮೇಲಿರೋ ಶ್ಯಾಮ್‌ರಾಕ್‌ಗೆ ಹೋಗಿ. ಅಲ್ಲಿ 1936ರ ಟವರ್ ಕೊನೊಕೊ ಬಂಕ್ ಮತ್ತೆ ಅದಕ್ಕೆ ಅಂಟಿಕೊಂಡಿರೋ ಯು-ಡ್ರಾಪ್-ಇನ್ ಕೆಫೆ ಇದೆ, ಮೊದಲ ಪ್ಲಾನನ್ನ ನೆಲದ ಮಣ್ಣಲ್ಲಿ ಮೊಳೆಯಿಂದ ಗೀಚಿದ್ರು ಅಂತ ಊರೋರು ಹೇಳ್ತಾರೆ. ಕತ್ತಲಾಗೋವರೆಗೂ ಇರಿ, ನಿಯಾನ್ ಲೈಟ್ ಹತ್ತಿದ ಮೇಲೇ ಅದರ ಅಂದ. ಮಾರನೇ ದಿನ ಮೆಕ್ಲೀನ್‌ನಲ್ಲಿರೋ ಪುಟಾಣಿ ಫಿಲಿಪ್ಸ್ 66 ಬಂಕ್, ಬರೀ 30 ಕಿಲೋಮೀಟರ್. ಈ ರೋಡಿನ ಎಷ್ಟೋ ಮೋಟೆಲ್‌ಗಳನ್ನ ನಡೆಸೋರು ಗುಜರಾತಿಗಳು, ಚಹಾ ಕೇಳಿ ನೋಡಿ, ಸಿಕ್ಕಿದ್ರೂ ಸಿಗಬಹುದು. ಎಲೆಕ್ಟ್ರಿಕ್ ಕಾರಾದ್ರೂ ಚಿಂತೆ ಇಲ್ಲ, ಟವರ್ ಕೊನೊಕೊ ಅಂಗಳದಲ್ಲೇ ಟೆಸ್ಲಾ ಚಾರ್ಜರ್ ಹಾಕಿದಾರೆ.