‘ಲೇಡಿ ಇಸೊಬೆಲ್’ ಎಂಬುವರು ಇರಲೇ ಇಲ್ಲ

ಶಿವಮೊಗ್ಗದ ಓದುಗರೊಬ್ಬರು ಬರೆಯುತ್ತಾರೆ: “ಕಳೆದ ಸಂಚಿಕೆಯ ಟಿಪ್ಪಣಿಯಲ್ಲಿ ಬ್ರಿಟನ್ನಿನ ಹಳೆಯ ಟಿವಿ ತಾರೆಯೊಬ್ಬರನ್ನು ‘ಲೇಡಿ ಬಾರ್ನೆಟ್’ ಎಂದು ಕರೆದಿದ್ದೀರಿ. ಎಲ್ಲಿ ಹುಡುಕಿದರೂ ‘ಲೇಡಿ ಇಸೊಬೆಲ್ ಬಾರ್ನೆಟ್’ ಎಂದೇ ಸಿಗುತ್ತದೆ. ದಯವಿಟ್ಟು ತಿದ್ದುಪಡಿ ಹಾಕಿ. ಅದಿರಲಿ, ಅಂಗಡಿಯಲ್ಲಿ ಮೀನಿನ ಡಬ್ಬಿ ಕದ್ದು ಸಿಕ್ಕಿಬಿದ್ದ ಸಿರಿವಂತ ಹೆಂಗಸಿಗೆ ಕನ್ನಡ ಪತ್ರಿಕೆಯಲ್ಲಿ ಅರ್ಧ ಪುಟ ಯಾಕೆ?”

ಮಾನ್ಯರೇ,

ಅರ್ಧ ಪುಟದ ಟಿಪ್ಪಣಿ ಓದಿ, ಹೆಸರು ಹುಡುಕಿ, ಹೋಲಿಸಿ ನೋಡಿ ಕಾಗದ ಬರೆದಿದ್ದೀರಿ. ಇಂಥ ಓದುಗರು ಸಿಗಲು ಪತ್ರಿಕೆ ಪುಣ್ಯ ಮಾಡಿರಬೇಕು. ಆದರೆ ತಿದ್ದುಪಡಿ ಹಾಕುವುದಿಲ್ಲ. ಎಲ್ಲೆಲ್ಲೂ ಸಿಗುತ್ತದೆ ಅನ್ನುವುದು ಸರಿ ಅನ್ನುವುದಕ್ಕೆ ಪುರಾವೆಯಲ್ಲ. ತಪ್ಪು ಎಷ್ಟು ದೂರ ಹೋಗಿದೆ ಅನ್ನುವುದಕ್ಕೆ ಪುರಾವೆ.

ಬ್ರಿಟನ್ನಿನ ಬಿರುದುಗಳಿಗೂ ಒಂದು ವ್ಯಾಕರಣ ಇದೆ, ನಮ್ಮ ವಿಭಕ್ತಿಗಳಷ್ಟೇ ಖಚಿತ. ಡ್ಯೂಕ್, ಮಾರ್ಕ್ವೆಸ್, ಅರ್ಲ್ ಎಂಬ ಮೇಲಿನ ದರ್ಜೆಯ ಕುಲೀನರ ಹೆಣ್ಣುಮಕ್ಕಳಿಗೆ ‘ಲೇಡಿ’ ಸ್ವಂತ ಹೆಸರಿಗೇ ಅಂಟುತ್ತದೆ. ನೈಟ್ ಪದವಿ ಪಡೆದವನ ಹೆಂಡತಿಗೆ ಅದು ಅಂಟುವುದು ಗಂಡನ ಮನೆತನದ ಹೆಸರಿಗೆ. ನಡುವೆ ಸ್ವಂತ ಹೆಸರು ನುಸುಳುವ ಹಾಗಿಲ್ಲ. ಇಸೊಬೆಲ್ ಮಾರ್ಷಲ್ 1918ರಲ್ಲಿ ಅಬರ್ಡೀನ್‌ನಲ್ಲಿ ಹುಟ್ಟಿದ ವೈದ್ಯರ ಮಗಳು. 1941ರಲ್ಲಿ ಜೆಫ್ರಿ ಬಾರ್ನೆಟ್ ಎಂಬ ವಕೀಲರನ್ನು ಮದುವೆಯಾದರು. ಜೆಫ್ರಿ ಲೆಸ್ಟರ್ ನಗರದ ಲಾರ್ಡ್ ಮೇಯರ್ ಆಗಿದ್ದವರು, 1953ರಲ್ಲಿ ನೈಟ್ ಆದರು. ಅಂದಿನಿಂದ ಅವರು ಸರ್ ಜೆಫ್ರಿ, ಈಕೆ ಲೇಡಿ ಬಾರ್ನೆಟ್. ‘ಲೇಡಿ ಇಸೊಬೆಲ್’ ಆಗಬೇಕಿದ್ದರೆ ಅರ್ಲ್ ಒಬ್ಬನ ಹೊಟ್ಟೆಯಲ್ಲಿ ಹುಟ್ಟಬೇಕಿತ್ತು.

ಇನ್ನೂ ಹತ್ತಿರದ ಉದಾಹರಣೆ ಬೇಕೆ? 1975ರಲ್ಲಿ ತಂದೆ ಅರ್ಲ್ ಸ್ಪೆನ್ಸರ್ ಆದಾಗ ಹದಿಮೂರು ವರ್ಷದ ಡಯಾನಾ ‘ಲೇಡಿ ಡಯಾನಾ’ ಆದಳು. ಅದು ಶುದ್ಧ. 1981ರ ಮದುವೆಯ ನಂತರ ಜಗತ್ತೆಲ್ಲ ಕರೆದ ‘ಪ್ರಿನ್ಸೆಸ್ ಡಯಾನಾ’ ಅಶುದ್ಧ. ನಿಯಮದ ಪ್ರಕಾರ ಆಕೆ ‘ಪ್ರಿನ್ಸೆಸ್ ಆಫ್ ವೇಲ್ಸ್’. ಇನ್ನು ‘ಸರ್’ ಇದಕ್ಕೆ ತದ್ವಿರುದ್ಧ, ಅದು ಯಾವಾಗಲೂ ಸ್ವಂತ ಹೆಸರಿನ ಜೊತೆಗೇ. ‘ಸರ್ ಬಾರ್ನೆಟ್’ ಎಂದರೆ ತಪ್ಪು. ಹಾಗಾದರೆ ನಾವು ‘ಸರ್ ವಿಶ್ವೇಶ್ವರಯ್ಯ’ ಅನ್ನುವುದೂ ತಪ್ಪೇ ಎಂದು ಕೇಳಬೇಡಿ. ಮೋಕ್ಷಗುಂಡಂ ಊರು, ವಿಶ್ವೇಶ್ವರಯ್ಯ ಅವರದೇ ಹೆಸರು. ಇಂಗ್ಲಿಷರ ನಿಯಮ ನಮ್ಮ ಹೆಸರಿಗೆ ತಾನಾಗಿಯೇ ಕೂತುಕೊಂಡಿದೆ.

ಇಷ್ಟು ಹಟ ಯಾಕೆ ಅಂದರೆ, ಈ ಹೆಂಗಸಿಗೆ ತಾನೇ ದುಡಿದು ಗಳಿಸಿದ ಒಂದು ಬಿರುದು ಇತ್ತು, ಅದನ್ನು ಯಾರೂ ಹಿಡಿದು ಕರೆಯಲಿಲ್ಲ. ಗ್ಲಾಸ್ಗೋ ವಿಶ್ವವಿದ್ಯಾಲಯದಲ್ಲಿ ವೈದ್ಯಕೀಯ ಓದಿ, 1940ರಲ್ಲಿ ಪಾಸಾಗಿ, 1948ರವರೆಗೆ ಕೆಲಸ ಮಾಡಿದ ಡಾಕ್ಟರು ಆಕೆ. ಗಂಡನಿಂದ ಬಂದ ‘ಲೇಡಿ’ ಉಳಿಯಿತು, ಅದೂ ತಪ್ಪಾಗಿ. ಸ್ವಂತದ ‘ಡಾ.’ ಉದುರಿಹೋಯಿತು.

ನಮ್ಮಲ್ಲಿ ಇದರ ಉಲ್ಟಾ. ಕಚೇರಿಗೆ ಬರುವ ಆಮಂತ್ರಣ ಪತ್ರಿಕೆಗಳನ್ನು ನೋಡಿ. ವೇದಿಕೆಯ ಮೇಲಿನ ಆರು ಜನರಲ್ಲಿ ನಾಲ್ವರು ‘ಡಾ.’, ಅವರಲ್ಲಿ ನಾಡಿ ಹಿಡಿದು ನೋಡಿದವರೂ ಇಲ್ಲ, ಪ್ರಬಂಧ ಬರೆದು ಪಿಎಚ್‌ಡಿ ಪಡೆದವರೂ ಇಲ್ಲ. ಗೌರವ ಡಾಕ್ಟರೇಟ್ ಎನ್ನುವುದು ಶಾಲು-ಹಾರದ ಹಾಗೆ: ಹಾಕಿದಾಗ ಚಂದ, ಮನೆಗೆ ಹೋದ ಮೇಲೆ ಮಡಚಿ ಇಡಬೇಕು. ಹೆಸರಿನ ಮುಂದೆ ಹೊಲಿಸಿಕೊಳ್ಳುವುದಲ್ಲ. ‘ಡಾ. ರಾಜ್‌ಕುಮಾರ್’ ಅನ್ನುವುದಿಲ್ಲವೇ ಎಂದು ಮುಂದಿನ ಕಾಗದದಲ್ಲಿ ನೀವು ಕೇಳಿಯೇ ಕೇಳುತ್ತೀರಿ. ಮೈಸೂರು ವಿಶ್ವವಿದ್ಯಾಲಯ 1976ರಲ್ಲಿ ಕೊಟ್ಟ ಗೌರವ ಅದು, ಈಗ ಹೆಸರಿನ ಅಂಗವೇ ಆಗಿದೆ, ಬಿಡಿಸಿದರೆ ಹೆಸರೇ ಬೋಳಾಗುತ್ತದೆ. ಅಣ್ಣಾವ್ರ ಮಟ್ಟಿಗೆ ನನ್ನ ವಾದ ನಿಲ್ಲುವುದಿಲ್ಲ, ಒಪ್ಪಿದೆ. ಉಳಿದವರ ಮಟ್ಟಿಗೆ ನಿಲ್ಲುತ್ತದೆ.

ಈಗ ಅರ್ಧ ಪುಟದ ಪ್ರಶ್ನೆ. ಕಳ್ಳತನ ಕಳ್ಳತನವೇ. ಒಂದು ಟ್ಯೂನಾ ಡಬ್ಬಿ, ಒಂದು ಕ್ರೀಮ್ ಪೊಟ್ಟಣ, ಒಟ್ಟು 87 ಪೆನ್ಸ್. ಮರೆತು ಕೈಚೀಲಕ್ಕೆ ಹಾಕಿಕೊಂಡದ್ದಲ್ಲ. ಕೋಟಿನ ಒಳಗೆ ಅದಕ್ಕೆಂದೇ ಚೀಲ ಇತ್ತು. ಅದಕ್ಕಿಂತ ಹೆಚ್ಚಿನ ಮಾತು, ಈಕೆ ಎಷ್ಟೋ ವರ್ಷ ಜಸ್ಟಿಸ್ ಆಫ್ ದಿ ಪೀಸ್ ಆಗಿದ್ದವರು. ಸಂಬಳವಿಲ್ಲದ, ಕಾನೂನು ಪದವಿ ಬೇಡದ, ಸಣ್ಣಪುಟ್ಟ ಅಪರಾಧಗಳನ್ನು ವಿಚಾರಿಸುವ ಮ್ಯಾಜಿಸ್ಟ್ರೇಟ್ ಹುದ್ದೆ ಅದು. ಇಂಥವೇ ಕಳ್ಳತನದ ಕೇಸುಗಳು ಬರುವ ಪೀಠ. ಆ ಲೆಕ್ಕದಲ್ಲಿ ನಿಮ್ಮ ಮುನಿಸು ನ್ಯಾಯವೇ.

ಆದರೆ ನೀವು ಬರೆದದ್ದು ಅಷ್ಟನ್ನೇ, ಅಷ್ಟನ್ನೇ ಎಲ್ಲರೂ ಬರೆಯುತ್ತಾರೆ. ಹತ್ತು ವರ್ಷ ಈಕೆ ಮಾಡಿದ ಕೆಲಸ ಏನೆಂದು ಕೇಳಿದರೆ ‘ಟಿವಿಯಲ್ಲಿ ಬರುತ್ತಿದ್ದರು’ ಎನ್ನುತ್ತಾರೆ. ಏನು ಮಾಡಲು ಬರುತ್ತಿದ್ದರು?

‘ವಾಟ್ಸ್ ಮೈ ಲೈನ್?’, ಅಂದರೆ ‘ನನ್ನ ಕಸುಬು ಯಾವುದು?’, ಅಮೆರಿಕದಿಂದ ಬಿಬಿಸಿ ತಂದ ಆಟ. ಊರಿನ ಯಾರೋ ಒಬ್ಬರು ಬಂದು ಸಹಿ ಹಾಕಿ, ತಮ್ಮ ಕಸುಬನ್ನು ಕೈಸನ್ನೆಯಲ್ಲಿ ಒಮ್ಮೆ ಮಾಡಿ ತೋರಿಸುತ್ತಾರೆ. ಸಂಜೆಯ ಉಡುಪಿನಲ್ಲಿ ಕೂತ ನಾಲ್ವರು, ಅವರಲ್ಲಿ ಈಕೆಯೂ ಒಬ್ಬರು, ಅದನ್ನು ಪತ್ತೆ ಮಾಡಬೇಕು. ಹೌದು ಅಥವಾ ಇಲ್ಲ ಎಂದು ಉತ್ತರಿಸಬಹುದಾದ ಪ್ರಶ್ನೆ ಮಾತ್ರ. ‘ಹೌದು’ ಬರುತ್ತಿರುವಷ್ಟು ಹೊತ್ತು ಕೇಳಿದವರದೇ ಸರದಿ, ‘ಇಲ್ಲ’ ಬಂತೋ ಪಕ್ಕದವರಿಗೆ. ಹತ್ತು ‘ಇಲ್ಲ’ ಆದರೆ ಬಂದವರು ಗೆದ್ದರು. ನಿರೂಪಕ ಏಮನ್ ಆಂಡ್ರ್ಯೂಸ್.

ಸುಲಭ ಅನ್ನಿಸುತ್ತದೆ. ಅದರಲ್ಲಿ ಹೆಸರು ಮಾಡಿದ ಕಸುಬೊಂದನ್ನು ತಗೊಳ್ಳಿ: ‘ಸ್ಯಾಗರ್ ಮೇಕರ್ಸ್ ಬಾಟಮ್ ನಾಕರ್’. ಇಂಗ್ಲೆಂಡಿನ ಸ್ಟೋಕ್ ಊರಿನ ಕಡೆಯ ಪಿಂಗಾಣಿ ಕಾರ್ಖಾನೆಗಳ ಕೆಲಸ. ಆವಿಗೆಯ ಹೊಗೆ, ಬೆಂಕಿ ನೇರ ತಾಗಿದರೆ ಕಪ್ಪು-ಬಸಿಗಳು ಕೆಡುತ್ತವೆ. ಅದಕ್ಕೆ ಅವನ್ನು ದಪ್ಪ ಜೇಡಿಮಣ್ಣಿನ ಡಬ್ಬಗಳಲ್ಲಿಟ್ಟು, ಡಬ್ಬದ ಮೇಲೆ ಡಬ್ಬ ಪೇರಿಸಿ ಸುಡುತ್ತಿದ್ದರು. ಆ ಡಬ್ಬವೇ ಸ್ಯಾಗರ್. ಅದರ ಗೋಡೆ ಕೂರಿಸುವುದು ನುರಿತವನ ಕೆಲಸ. ತಳ ಮಾಡುವುದು ಅವನ ಕೈಕೆಳಗಿನ ಹುಡುಗ: ಮೇಜಿನ ಮೇಲೆ ಕಬ್ಬಿಣದ ಬಳೆ ಇಟ್ಟು, ಒಳಗೆ ಮಣ್ಣು ತುಂಬಿ, ಭಾರದ ಮರದ ಕೊಡತಿಯಿಂದ ಬಡಿದು ಬಡಿದು ಚಪ್ಪಟೆ ಮಾಡುವುದು. ಆ ಬಡಿಯುವವನೇ ಬಾಟಮ್ ನಾಕರ್.

ಈಗ ಪ್ರಶ್ನೆ ಕೇಳಿ ನೋಡಿ. ನೀವು ಮಾಡುವ ವಸ್ತು ಅಂಗಡಿಯಲ್ಲಿ ಸಿಗುತ್ತದೆಯೇ? ಇಲ್ಲ, ಸ್ಯಾಗರ್ ಕಾರ್ಖಾನೆ ದಾಟುವುದಿಲ್ಲ. ನಮ್ಮ ಮನೆಯಲ್ಲಿ ಇದೆಯೇ? ಇಲ್ಲ. ಇಡೀ ವಸ್ತುವನ್ನು ನೀವೇ ಮಾಡುತ್ತೀರಾ? ಇಲ್ಲ, ತಳ ಮಾತ್ರ. ಮೂರು ಹೋಯಿತು. ಬಡಿಯುವ ಸನ್ನೆ ನೋಡಿ ‘ನೀವು ಬಡಗಿಯೇ?’ ಎಂದಿರೋ, ನಾಲ್ಕನೆಯದೂ ಹೋಯಿತು, ಅದರಿಂದ ಕಲಿತದ್ದೂ ಏನಿಲ್ಲ. ‘ಮಣ್ಣೋ ಮರವೋ?’ ಅನ್ನುವ ಹಾಗಿಲ್ಲ, ಅದಕ್ಕೆ ಹೌದು-ಇಲ್ಲ ಬರುವುದಿಲ್ಲ. ಪ್ರತಿ ಪ್ರಶ್ನೆಯೂ ಉಳಿದ ಸಾಧ್ಯತೆಗಳನ್ನು ಸರಿಸುಮಾರು ಎರಡು ಪಾಲು ಮಾಡಬೇಕು. ಹೌದು ಬಂದರೂ ಲಾಭ, ಇಲ್ಲ ಬಂದರೂ ಲಾಭ. ಹೊಟ್ಟೆನೋವು ಎಂದು ಬಂದವನಿಗೆ ‘ಅಪೆಂಡಿಕ್ಸಾ?’ ಎಂದು ಡಾಕ್ಟರು ಕೇಳುವುದಿಲ್ಲ. ಊಟದ ಮುಂಚೆಯೇ, ಎಡಕ್ಕೇ, ವಾಂತಿ ಇದೆಯೇ ಎಂದು ಒಂದೊಂದಾಗಿ ಕೇಳುತ್ತಾರೆ. ಆ ನಾಲ್ವರಲ್ಲಿ ಈ ತರಬೇತಿ ಇದ್ದದ್ದು ಲೇಡಿ ಬಾರ್ನೆಟ್ ಅವರಿಗೆ. ಅದಕ್ಕೆ ಸೌಜನ್ಯ ಸೇರಿತು. ಪಕ್ಕದಲ್ಲಿ ಗಿಲ್ಬರ್ಟ್ ಹಾರ್ಡಿಂಗ್ ಕೂತು ಸಿಡುಕುತ್ತಿದ್ದರು, ಪತ್ರಿಕೆಗಳು ‘ಬ್ರಿಟನ್ನಿನ ಅತಿ ಒರಟು ಮನುಷ್ಯ’ ಎಂದು ಕರೆದವರು. 1955ರ ಸೆಪ್ಟೆಂಬರ್‌ವರೆಗೆ ಆ ದೇಶದಲ್ಲಿ ಇದ್ದದ್ದೇ ಒಂದು ಟಿವಿ ಚಾನೆಲ್. ಹಾರ್ಡಿಂಗ್ ಅವರ ಸಿಡುಕು, ಡಾಕ್ಟರ ನಯ, ಎರಡನ್ನೂ ಜನ ಒಂದೇ ಕಪ್ಪು-ಬಿಳುಪು ಪರದೆಯಲ್ಲಿ ನೋಡಿದರು.

ನಮ್ಮ ಚರ್ಚಾಕೂಟಗಳ ನಿರೂಪಕರು ಆ ಇಬ್ಬರಲ್ಲಿ ಯಾರನ್ನು ಅನುಸರಿಸಿದರು ಅನ್ನುವುದು ರಾತ್ರಿ ಒಂಬತ್ತಕ್ಕೆ ನಿಮಗೇ ಕೇಳಿಸುತ್ತದೆ. ಅದರಲ್ಲೂ ಹಾರ್ಡಿಂಗ್ ಸಿಡುಕಿ ಉತ್ತರಕ್ಕೆ ಕಾಯುತ್ತಿದ್ದರು. ಇವರ ಒಂದು ಪ್ರಶ್ನೆಯ ಹೊಟ್ಟೆಯಲ್ಲಿ ಮೂರು ಪ್ರಶ್ನೆ, ಒಂದು ಆರೋಪ, ಕೊನೆಗೆ ಉತ್ತರವೂ ಅವರದೇ. ಎದುರಿಗೆ ಕೂತವರು ಬಾಯಿ ತೆರೆಯುವಷ್ಟರಲ್ಲಿ ಜಾಹೀರಾತು. ಇವರಿಗೆ ಹತ್ತು ‘ಇಲ್ಲ’ದ ಲೆಕ್ಕ ಇಟ್ಟರೆ ಕಾರ್ಯಕ್ರಮ ಎರಡು ನಿಮಿಷಕ್ಕೆ ಮುಗಿಯುತ್ತದೆ.

ಸಾವಿನ ಸುದ್ದಿ ಬರೆಯುವ ನಮ್ಮ ಕಸುಬಿನವರನ್ನೂ ಬಿಡಲಾರೆ. 1980ರ ಅಕ್ಟೋಬರ್‌ನಲ್ಲಿ ಆಕೆಗೆ 75 ಪೌಂಡ್ ದಂಡ ಬಿತ್ತು. ಗಂಡ ಮೊದಲೇ ತೀರಿಕೊಂಡಿದ್ದರು. ತೀರ್ಪಾಗಿ ನಾಲ್ಕನೆಯ ದಿನ, ಅಕ್ಟೋಬರ್ 20ರಂದು, ಲೆಸ್ಟರ್‌ಷೈರಿನ ಕಾಸಿಂಗ್ಟನ್ ಹಳ್ಳಿಯ ಮನೆಯಲ್ಲಿ ಶವವಾಗಿ ಸಿಕ್ಕರು. 62 ವರ್ಷ. ಅಲ್ಲಿಂದಾಚೆಗೆ ಆಕೆಯ ಮೇಲೆ ಬರೆದ ಪ್ರತಿ ಬರಹದಲ್ಲೂ ಮೀನಿನ ಡಬ್ಬಿ ಮೊದಲ ಸಾಲಿನಲ್ಲಿ, ವೈದ್ಯಕೀಯ ಪದವಿ ಏಳನೆಯ ಸಾಲಿನಲ್ಲಿ, ಜಾಗ ಉಳಿದರೆ. ನಿಮ್ಮ ಕಾಗದದಲ್ಲಿ ಜಾಗ ಉಳಿದಿತ್ತು, ಪದವಿ ಬರಲಿಲ್ಲ. ಬೇಸರ ಮಾಡಿಕೊಳ್ಳಬೇಡಿ.

ಇನ್ನೊಂದು. ನಮ್ಮ ಟಿಪ್ಪಣಿಯಲ್ಲಿ ತಪ್ಪು ಇದ್ದದ್ದು ನಿಜ, ನೀವು ಹುಡುಕಿದ ಕಡೆ ಅಲ್ಲ. ‘ಮೊದಲ ಕಂತಿನಿಂದಲೇ ಇದ್ದರು’ ಎಂದು ಅಚ್ಚಾಗಿದೆ. ಕಾರ್ಯಕ್ರಮ ಶುರುವಾದದ್ದು 1951ರ ಜುಲೈನಲ್ಲಿ, ಲೇಡಿ ಬಾರ್ನೆಟ್ ಸೇರಿದ್ದು 1953ರಲ್ಲಿ. ತಿದ್ದಿ ಓದಿಕೊಳ್ಳಿ.

– ಸಂಪಾದಕ